ಮೂರು ರಾಡ್ ಬೇಡ, ಒಂದು ಒಳ್ಳೆಯದು ಸಾಕು

ನಮಸ್ಕಾರ. ಇವತ್ತಿನ ಮಾತು ಬಾಸ್ ಅನ್ನುವ ಸಿಹಿನೀರಿನ ಮೀನು ಹಿಡಿಯುವ ರಾಡ್, ಅಂದರೆ ಗಾಳದ ಕೋಲಿನ ಬಗ್ಗೆ. ಅದರಲ್ಲೂ, ಕೈಯಲ್ಲಿರುವುದು ಇಷ್ಟೇ ದುಡ್ಡು, ಇದರಲ್ಲಿ ಒಳ್ಳೆ ರಾಡ್ ಸಿಗುತ್ತದಾ ಅಂತ ಕೇಳುವವರಿಗಾಗಿ. ಸಿಗುತ್ತದೆ. ಆದರೆ ಒಂದು ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಬಜೆಟ್ ಸಣ್ಣದಿದ್ದಷ್ಟೂ ಕಡಿಮೆ ರಾಡ್ ಕೊಳ್ಳಬೇಕು. ಮೂರು ರಾಡ್‌ಗೆ ಹಂಚುವ ದುಡ್ಡನ್ನು ಒಂದರ ಮೇಲೇ ಹಾಕಬೇಕು. ನನ್ನ ವಾದ ಇಷ್ಟೇ. ಯಾಕೆ ಅಂತ ಹೇಳುತ್ತೇನೆ.

ರಾಡ್ ಮಾರುವವರು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಜಿಗ್‌ಗೆ (ಭಾರದ ತಲೆಯ ಕೊಕ್ಕೆ) ಒಂದು ರಾಡ್, ಕ್ರ್ಯಾಂಕ್‌ಬೇಟ್‌ಗೆ (ಎಳೆದಾಗ ನೀರಿನಲ್ಲಿ ಓಡುವ ಗಟ್ಟಿ ಮೀನಿನಾಕಾರ) ಒಂದು, ಡ್ರಾಪ್ ಶಾಟ್‌ಗೆ ಒಂದು, ರಬ್ಬರ್ ಕಪ್ಪೆಗೆ ಇನ್ನೊಂದು. ಇವೆಲ್ಲ ಲೂರ್, ಅಂದರೆ ಕೃತಕ ಎರೆ, ಇಲ್ಲವೇ ಅದನ್ನು ಕಟ್ಟುವ ರೀತಿಗಳು. ಸ್ಪರ್ಧೆಗಳಲ್ಲಿ ದೋಣಿಯ ಮೇಲೆ ಸಾಲಾಗಿ ಹಾಸಿಟ್ಟ ರಾಡ್‌ಗಳನ್ನು ನೋಡಿದರೆ ನಮಗೂ ಹಾಗೇ ಬೇಕು ಅನಿಸುತ್ತದೆ. ಆದರೆ ಅವರಿಗೆ ಅಷ್ಟು ರಾಡ್ ಬೇಕಾಗಿರುವುದಕ್ಕೆ ಕಾರಣ ಇದೆ. ಅವರದು ಗಡಿಯಾರದ ಜೊತೆ ಓಟ. ಲೂರ್ ಬದಲಿಸಲು ಗಂಟು ಕಟ್ಟುತ್ತಾ ಕೂತರೆ ಎಸೆಯುವ ಸಮಯ ಹೋಗುತ್ತದೆ. ಅದಕ್ಕೇ ಪ್ರತಿ ಲೂರ್ ಕಟ್ಟಿದ ಒಂದೊಂದು ರಾಡ್ ಸಿದ್ಧವಾಗಿರುತ್ತದೆ. ರಜೆಯ ದಿನ ನೀರಿನ ಹತ್ತಿರ ಹೋಗುವ ನಮಗೆ ಗಂಟು ಕಟ್ಟಲು ಒಂದು ನಿಮಿಷ ಸಿಗುವುದಿಲ್ವಾ? ಖಂಡಿತ ಸಿಗುತ್ತದೆ.

ಒಂದು ಹಳೆಯ ಸಂಗತಿ ಹೇಳುತ್ತೇನೆ. ಲಾರ್ಜ್‌ಮೌತ್ ಅನ್ನುವ ಬಾಸ್ ಜಾತಿಯ ತೂಕದ ವಿಶ್ವದಾಖಲೆ 1932ರದು. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಜಾರ್ಜ್ ಪೆರ‍್ರಿ ಎಂಬ ಯುವಕ ಹಿಡಿದ ಮೀನು 22 ಪೌಂಡ್ 4 ಔನ್ಸ್ ತೂಗಿತು, ಅಂದರೆ ಸುಮಾರು 10 ಕೆಜಿ. ಆಮೇಲೆ 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದ ಮೀನು ಆ ದಾಖಲೆಯನ್ನು ಸರಿಗಟ್ಟಿತು. ಪೆರ‍್ರಿ ಮತ್ತು ಅವನ ಗೆಳೆಯನ ನಡುವೆ ಅವತ್ತು ಇದ್ದದ್ದು ಒಂದೇ ರಾಡ್, ಇಬ್ಬರೂ ಸರದಿ ಪ್ರಕಾರ ಬಳಸುತ್ತಿದ್ದರು ಅಂತ ಬಾಸ್ ಹಿಡಿಯುವವರು ಇವತ್ತಿಗೂ ಹೇಳುತ್ತಾರೆ. ಗ್ರ್ಯಾಫೈಟ್, ಅಂದರೆ ಕಾರ್ಬನ್ ನೂಲಿನ ರಾಡ್‌ಗಳು ಮಾರುಕಟ್ಟೆಗೆ ಬರುವುದಕ್ಕೆ ಇನ್ನೂ ನಾಲ್ಕು ದಶಕ ಬಾಕಿ ಇತ್ತು. ರಾಡ್ ಮುಖ್ಯವಲ್ಲ ಅಂತ ನಾನು ಹೇಳುತ್ತಿಲ್ಲ. ರಾಡ್‌ಗಳ ಸಂಖ್ಯೆ ಮುಖ್ಯವಲ್ಲ ಅನ್ನುತ್ತಿದ್ದೇನೆ.

ಹಾಗಾದರೆ ಆ ಒಂದು ರಾಡ್ ಯಾವುದು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ರಾಡ್ ಮೇಲೆ ಎರಡು ಮಾತು ಬರೆದಿರುತ್ತದೆ, ಪವರ್ ಮತ್ತು ಆಕ್ಷನ್. ತುಂಬಾ ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಪವರ್ ಅಂದರೆ ರಾಡ್ ಬಗ್ಗಿಸಲು ಎಷ್ಟು ಬಲ ಬೇಕು ಅನ್ನುವುದು. ಲೈಟ್, ಮೀಡಿಯಮ್, ಮೀಡಿಯಮ್ ಹೆವಿ, ಹೆವಿ, ಹೀಗೆ ಹೋಗುತ್ತದೆ. ಆಕ್ಷನ್ ಅಂದರೆ ಆ ರಾಡ್ ಎಲ್ಲಿ ಬಾಗುತ್ತದೆ ಅನ್ನುವುದು. ಫಾಸ್ಟ್ ಅಂದರೆ ತುದಿಯ ಹತ್ತಿರ ಮಾತ್ರ ಬಾಗುತ್ತದೆ, ಕೆಳಗೆ ಬಿಗಿಯಾಗಿರುತ್ತದೆ. ಮಾಡರೇಟ್ ಅಂದರೆ ಸುಮಾರು ನಡುವಿನವರೆಗೂ ಬಳುಕುತ್ತದೆ. ಹೆವಿ ಪವರ್ ಇದ್ದೂ ಮಾಡರೇಟ್ ಆಕ್ಷನ್ ಇರಬಹುದು, ಲೈಟ್ ಪವರ್ ಇದ್ದೂ ಫಾಸ್ಟ್ ಇರಬಹುದು. ಎರಡೂ ಬೇರೆ ಬೇರೆ.

ಇದು ಯಾಕೆ ಬೇಕು ಅಂತ ತಿಳಿಯಲು ಬಾಸ್‌ನ ಬಾಯಿ ನೋಡಬೇಕು. ದವಡೆ ಗಡುಸು. ಜಿಗ್ ಅಥವಾ ಟೆಕ್ಸಾಸ್ ರಿಗ್‌ನಲ್ಲಿ ಇರುವುದು ಒಂದೇ ದಪ್ಪ ಕೊಕ್ಕೆ. ಟೆಕ್ಸಾಸ್ ರಿಗ್‌ನಲ್ಲಂತೂ ಅದರ ಮೊನೆ ಪ್ಲಾಸ್ಟಿಕ್ ಹುಳುವಿನ ಒಳಗೇ ಅಡಗಿರುತ್ತದೆ. ಅದು ಪ್ಲಾಸ್ಟಿಕ್ ದಾಟಿ ದವಡೆಗೆ ನಾಟಬೇಕಾದರೆ ರಾಡ್‌ನ ಬುಡದಲ್ಲಿ ಬಲ ಬೇಕು. ನೀವು ಎಳೆದ ತಕ್ಷಣ ಆ ಎಳೆತ ಕೊಕ್ಕೆಗೆ ಮುಟ್ಟಬೇಕು. ಅದಕ್ಕೆ ಫಾಸ್ಟ್ ಆಕ್ಷನ್. ಕ್ರ್ಯಾಂಕ್‌ಬೇಟ್‌ನ ಕತೆ ಬೇರೆ. ಅದರಲ್ಲಿ ಮೂರು ಮೊನೆಯ ತೆಳು ಕೊಕ್ಕೆಗಳು. ಸುಲಭವಾಗಿ ಚುಚ್ಚಿಕೊಳ್ಳುತ್ತವೆ, ಅಷ್ಟೇ ಸುಲಭವಾಗಿ ಕಿತ್ತುಕೊಂಡೂ ಬರುತ್ತವೆ. ಮೀನು ನೀರಿನಿಂದ ಮೇಲೆ ಹಾರಿ ತಲೆ ಕೊಡವಿದಾಗ ರಾಡ್ ಜೊತೆಗೆ ಬಳುಕಬೇಕು. ಬಿಗಿ ರಾಡ್ ಆದರೆ ಬಾಯಿಯಲ್ಲಿ ತೂತು ದೊಡ್ಡದಾಗಿ ಕೊಕ್ಕೆ ಜಾರುತ್ತದೆ. ಅದಕ್ಕೆ ಮಾಡರೇಟ್ ಆಕ್ಷನ್.

ಈಗ ನನ್ನ ಆಯ್ಕೆ. ಒಂದೇ ರಾಡ್ ಅಂದರೆ 7 ಅಡಿ, ಮೀಡಿಯಮ್ ಹೆವಿ, ಫಾಸ್ಟ್. ಜಿಗ್, ಟೆಕ್ಸಾಸ್ ರಿಗ್, ಸ್ಪಿನ್ನರ್‌ಬೇಟ್, ಚ್ಯಾಟರ್‌ಬೇಟ್‌ನಂಥ ಲೋಹದ ತಗಡಿರುವ ಲೂರ್‌ಗಳು, ಎಲ್ಲವನ್ನೂ ಚೆನ್ನಾಗಿ ಎಸೆಯುತ್ತದೆ. ಜೊಂಡಿನ ಅಂಚಿನಿಂದ ಮೀನನ್ನು ಹೊರಗೆ ಎಳೆಯುವ ತಾಕತ್ತೂ ಇರುತ್ತದೆ. ಕ್ರ್ಯಾಂಕ್‌ಬೇಟ್‌ಗೆ ಇದು ಅಷ್ಟು ಸರಿಹೊಂದುವುದಿಲ್ಲ, ನಿಜ. ಆದರೆ ಲೈನ್ (ಗಾಳದ ದಾರ) ಸುತ್ತುವ ರೀಲ್‌ನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ಲೈನ್ ತಡೆಯುವ ಬಿಗಿ, ಸ್ವಲ್ಪ ಸಡಿಲ ಮಾಡಿ, ಹೆಚ್ಚು ಹಿಗ್ಗುವ ಸಾದಾ ನೈಲಾನ್ ಲೈನ್ ಹಾಕಿದರೆ ಕೆಲಸ ನಡೆಯುತ್ತದೆ. ಇನ್ನು ನೀವು ಎಸೆಯುವುದು ಜಾಸ್ತಿ ಹಗುರ ಲೂರ್‌ಗಳೇ ಆಗಿದ್ದರೆ, ಅಂದರೆ 7 ಗ್ರಾಂಗಿಂತ ಕಡಿಮೆ, ಅಥವಾ ಬೇಟ್‌ಕಾಸ್ಟರ್, ಅಂದರೆ ರಾಡ್‌ನ ಮೇಲೆ ಕೂತು ಎಸೆದಾಗ ಸುರುಳಿಯೇ ತಿರುಗುವ ರೀಲ್ ಹಿಡಿದು ಅಭ್ಯಾಸವೇ ಇಲ್ಲದಿದ್ದರೆ, 7 ಅಡಿಯ ಮೀಡಿಯಮ್ ಪವರ್, ಫಾಸ್ಟ್ ಆಕ್ಷನ್‌ನ ಸ್ಪಿನ್ನಿಂಗ್ ರಾಡ್ (ರೀಲ್ ಕೆಳಗೆ ತೂಗುವ ಬಗೆ) ತೆಗೆದುಕೊಳ್ಳಿ. ದಡದಲ್ಲಿ ಕೊಂಬೆಗಳು ತಲೆಗೆ ತಾಗುವ ಜಾಗವಾದರೆ ಆರೂವರೆ ಅಡಿ ಸಾಕು. ಉದ್ದ ರಾಡ್ ದೂರ ಎಸೆಯುತ್ತದೆ, ಗಿಡ್ಡ ರಾಡ್ ಇಕ್ಕಟ್ಟಿನಲ್ಲಿ ಗುರಿ ತಪ್ಪುವುದಿಲ್ಲ.

ಒಂದು ಎಚ್ಚರಿಕೆ. ಈ ಮೀಡಿಯಮ್ ಹೆವಿ ಅನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಅಂತ ಏನೂ ಇಲ್ಲ. ಒಬ್ಬರ ಮೀಡಿಯಮ್ ಹೆವಿ ಇನ್ನೊಬ್ಬರ ಮೀಡಿಯಮ್ ಆಗಿರಬಹುದು. ಅದಕ್ಕೇ ಹಿಡಿಯ ಮೇಲ್ಗಡೆ ಬರೆದಿರುವ ಲೂರ್ ತೂಕ ನೋಡಿ. ನಾನು ಹೇಳುತ್ತಿರುವ ರಾಡ್ ಮೇಲೆ ಸುಮಾರು ಕಾಲು ಔನ್ಸ್‌ನಿಂದ ಒಂದು ಔನ್ಸ್, ಅಂದರೆ 7ರಿಂದ 28 ಗ್ರಾಂ ಅಂತ ಇರುತ್ತದೆ. ನಿಮ್ಮ ಡಬ್ಬಿಯಲ್ಲಿರುವ ಲೂರ್‌ಗಳು ಆ ಅಳತೆಯ ನಡುಭಾಗಕ್ಕೆ ಬರಬೇಕು. ಅಂಚಿಗೆ ಬರುವ ಲೂರ್ ಎಸೆಯಬಹುದು, ಆದರೆ ಎಸೆತದಲ್ಲಿ ಸುಖ ಇರುವುದಿಲ್ಲ.

ಈಗ ದುಡ್ಡು ಎಲ್ಲಿ ಸುಮ್ನೆ ಹೋಗುತ್ತದೆ ಅನ್ನುವುದಕ್ಕೆ ಬರೋಣ. ಈ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರ ಇದೆ. ರಾಡ್ ಮೇಲೆ ಐಎಂ6, ಐಎಂ7, ಐಎಂ8 ಅಂತ ದೊಡ್ಡದಾಗಿ ಬರೆದಿರುತ್ತಾರೆ. ಇಲ್ಲವೇ 24 ಟನ್, 30 ಟನ್, 36 ಟನ್. ಸಂಖ್ಯೆ ಜಾಸ್ತಿ ಆದಷ್ಟೂ ರಾಡ್ ಒಳ್ಳೆಯದು ಅಂತ ಕೊಳ್ಳುವವರು ನಂಬುತ್ತಾರೆ. ಐಎಂ ಅನ್ನುವುದು ಮೂಲದಲ್ಲಿ ಒಂದು ಕಂಪನಿ ತನ್ನ ಕಾರ್ಬನ್ ನೂಲಿಗೆ ಇಟ್ಟ ಹೆಸರು. ಅದು ಗುಣಮಟ್ಟದ ದರ್ಜೆ ಅಲ್ಲ. ಇವತ್ತು ಯಾರು ಬೇಕಾದರೂ ರಾಡ್ ಮೇಲೆ ಅದನ್ನು ಬರೆಯುತ್ತಾರೆ. ಟನ್ ಲೆಕ್ಕಕ್ಕಾದರೂ ಒಂದು ಅರ್ಥ ಇದೆ. ಅದು ನೂಲಿನ ಬಿಗಿ. ಬಿಗಿ ಜಾಸ್ತಿ ಇದ್ದರೆ ಅಷ್ಟೇ ಬಲಕ್ಕೆ ಕಡಿಮೆ ನೂಲು ಸಾಕು, ರಾಡ್ ಹಗುರವಾಗುತ್ತದೆ, ಲೂರ್ ಕಲ್ಲಿಗೆ ತಾಗಿದ್ದು, ಮೀನು ಮೆಲ್ಲಗೆ ಬಾಯಿ ಹಾಕಿದ್ದು ಕೈಗೆ ಚೆನ್ನಾಗಿ ತಿಳಿಯುತ್ತದೆ. ಆದರೆ ಗೋಡೆ ತೆಳುವಾದಷ್ಟೂ ಪೆಟ್ಟು ತಡೆಯುವ ಶಕ್ತಿ ಕಡಿಮೆ. ಒಂದು ಸೀಸದ ಗುಂಡು ಬಡಿದು ಗೀರು ಬಿದ್ದರೆ ಸಾಕು, ಮುಂದೊಂದು ದಿನ ಅದೇ ಜಾಗದಲ್ಲಿ ಮುರಿಯುತ್ತದೆ. ನೂಲು ಒಂದೇ ಅಲ್ಲ, ಅದನ್ನು ಹಿಡಿದಿಡುವ ರಾಳ, ಸುತ್ತಿದ ರೀತಿ, ಬುಡದಿಂದ ತುದಿಗೆ ಸಣ್ಣಗಾಗುವ ಆಕಾರ, ಇವೆಲ್ಲ ಸೇರಿ ರಾಡ್ ಆಗುತ್ತದೆ. ಆ ಒಂದು ಸಂಖ್ಯೆ ಇದ್ಯಾವುದನ್ನೂ ಹೇಳುವುದಿಲ್ಲ. ನನ್ನ ಪ್ರಕಾರ ಸೀಮಿತ ದುಡ್ಡಿನಲ್ಲಿ ಮಧ್ಯಮ ಬಿಗಿಯ ಗ್ರ್ಯಾಫೈಟ್ ಸರಿಯಾದ ಆಯ್ಕೆ. ಒಂದೇ ರಾಡ್ ಇರುವವನಿಗೆ ಅದು ಬಾಳಿಕೆ ಬರಬೇಕು ಅಲ್ವಾ?

ದುಡ್ಡು ನಿಜವಾಗಿ ಕಾಣಬೇಕಾದ ಜಾಗ ಗೈಡ್‌ಗಳು. ಲೈನ್ ಹಾದುಹೋಗುವ ಆ ಉಂಗುರಗಳು. ಯಾರೂ ನೋಡುವುದೇ ಇಲ್ಲ. ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ಲೈನ್ ಬಳಸುವವರಿಗೆ ಇದು ಇನ್ನೂ ಮುಖ್ಯ. ಕಳಪೆ ಉಂಗುರದಲ್ಲಿ ಬ್ರೇಡ್ ನಿಧಾನವಾಗಿ ಗೆರೆ ಕೊರೆಯುತ್ತದೆ, ಆಮೇಲೆ ಅದೇ ಗೆರೆ ಲೈನನ್ನು ತಿನ್ನುತ್ತದೆ. ಒಳಗಡೆ ಸೆರಾಮಿಕ್ ಉಂಗುರ ಇರಬೇಕು. ಅಲ್ಯೂಮಿನಿಯಂ ಆಕ್ಸೈಡ್ ಆದರೂ ಬಾಸ್‌ಗೆ ಸಾಕು. ಸಿಲಿಕಾನ್ ಕಾರ್ಬೈಡ್ ಇನ್ನೂ ಗಟ್ಟಿ, ಇನ್ನೂ ನುಣುಪು, ಆದರೆ ಅದಕ್ಕಾಗಿ ಮೇಲಿನ ಬೆಲೆಗೆ ಏರುವ ಅಗತ್ಯ ಇಲ್ಲ. ಟೈಟಾನಿಯಂ ಚೌಕಟ್ಟೂ ಅಷ್ಟೇ, ಸ್ಟೇನ್‌ಲೆಸ್ ಸ್ಟೀಲ್ ಇದ್ದರೆ ಸಾಕು. ಸಂಖ್ಯೆಯನ್ನೂ ಎಣಿಸಿ. ಅಡಿಗೆ ಒಂದು ಗೈಡ್, ಅದರ ಮೇಲೆ ತುದಿಯದು ಒಂದು. 7 ಅಡಿ ರಾಡ್‌ನಲ್ಲಿ ಐದೇ ಗೈಡ್ ಇದ್ದರೆ ತಯಾರಿಸಿದವರು ಅಲ್ಲಿ ಉಳಿಸಿದ್ದಾರೆ ಅಂತ ಅರ್ಥ. ಅಂಥ ರಾಡ್ ಬಾಗಿದಾಗ ಲೈನ್ ಅದರ ಬಾಗಿನ ಜೊತೆ ಹೋಗುವುದಿಲ್ಲ, ಭಾರ ಎಲ್ಲ ಕೆಲವೇ ಜಾಗಗಳ ಮೇಲೆ ಬೀಳುತ್ತದೆ.

ಹಿಡಿ ಕಾರ್ಕ್ ಇರಲಿ, ಇವಿಎ ಫೋಮ್ ಇರಲಿ, ಕೈಗೆ ಹಿತವಾದದ್ದು ಸರಿ. ಕಡಿಮೆ ಬೆಲೆಯ ಕಾರ್ಕ್‌ನಲ್ಲಿ ತೂತುಗಳನ್ನು ಮುಚ್ಚಲು ಮೆತ್ತಿದ್ದು ಬೇಗ ಉದುರುತ್ತದೆ, ಹಾಗಾಗಿ ಆ ಬೆಲೆಯಲ್ಲಿ ನನಗೆ ಇವಿಎ ಇಷ್ಟ.

ಸಾಧ್ಯವಾದರೆ ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಿ. ನಿಮ್ಮ ರೀಲ್ ತೆಗೆದುಕೊಂಡು ಹೋಗಿ, ಅದಕ್ಕೆ ಹಾಕಿ ನೋಡಿ. ರೀಲ್ ಹಾಕಿದಾಗ ರಾಡ್ ರೀಲ್‌ನ ಸ್ವಲ್ಪ ಮುಂದೆ ಬೆರಳ ಮೇಲೆ ಸಮವಾಗಿ ನಿಂತರೆ ದಿನವಿಡೀ ಎಸೆದರೂ ಮಣಿಕಟ್ಟು ಸೋಲುವುದಿಲ್ಲ. ತುದಿ ಕೆಳಗೆ ವಾಲುತ್ತಿದ್ದರೆ, ತೂಕದ ಲೆಕ್ಕದಲ್ಲಿ ಎಷ್ಟೇ ಹಗುರ ಇದ್ದರೂ ಕೈಗೆ ಭಾರ. ಆಮೇಲೆ ಬುಡದಿಂದ ತುದಿಯ ಕಡೆಗೆ ಒಂದು ಕಣ್ಣು ಮುಚ್ಚಿ ನೋಡಿ, ಗೈಡ್‌ಗಳು ಒಂದೇ ಗೆರೆಯಲ್ಲಿ ಇವೆಯಾ ಅಂತ. ಸ್ವಲ್ಪ ಹತ್ತಿ ತೆಗೆದುಕೊಂಡು ಪ್ರತಿ ಉಂಗುರದ ಒಳಗೂ ಉಜ್ಜಿ. ಬಿರುಕಿದ್ದರೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ರೀಲ್ ಕೂರುವ ಸೀಟ್ ಬಿಗಿ ಮಾಡಿ ಅಲ್ಲಾಡಿಸಿ, ಕಟಕಟ ಅಂದರೆ ಬೇಡ. ಆದರೆ ತುದಿಯನ್ನು ನೆಲಕ್ಕೋ ಚಾವಣಿಗೋ ಒತ್ತಿ ಬಗ್ಗಿಸಬೇಡಿ. ಹಾಗೆ ಒತ್ತಿದಾಗ ರಾಡ್ ನೀರಿನ ಮೇಲೆ ಬಾಗುವ ಹಾಗೆ ಬಾಗುವುದಿಲ್ಲ, ಎಲ್ಲ ಬಲ ತೆಳು ತುದಿಯ ಮೇಲೆ ಬೀಳುತ್ತದೆ. ಗೈಡ್‌ಗಳ ಮೂಲಕ ಲೈನ್ ಹಾಯಿಸಿ, ಜೊತೆಗಿರುವವರಿಗೆ ಅದರ ತುದಿ ಹಿಡಿಯಲು ಹೇಳಿ, ನೀವು ನಿಧಾನವಾಗಿ ಎಳೆಯಿರಿ. ಆಗ ಆಕ್ಷನ್ ಏನು ಅಂತ ಕಣ್ಣಿಗೇ ಕಾಣುತ್ತದೆ. ಹಳೆಯ ರಾಡ್ ಕೊಳ್ಳುವುದಾದರೂ ಇದೇ ಪರೀಕ್ಷೆ. ಜೊತೆಗೆ ಇಡೀ ಉದ್ದಕ್ಕೂ ಉಗುರು ಆಡಿಸಿ ಗೀರು ಹುಡುಕಿ.

ಬೆಲೆಯ ವಿಷಯದಲ್ಲಿ ನನ್ನ ನಿಲುವು ನೇರ. ಯಾವುದೇ ಅಂಗಡಿಯಲ್ಲಿ ತೀರಾ ಅಗ್ಗದ ಸಾಲು ಬಿಡಿ, ಅದರ ಮೇಲಿನ ಸಾಲುಗಳಿಂದ ನೋಡಲು ಶುರು ಮಾಡಿ. ಕೆಳಗಿನಿಂದ ಮಧ್ಯಕ್ಕೆ ಏರಿದಾಗ ಸಿಗುವ ವ್ಯತ್ಯಾಸ ದೊಡ್ಡದು, ಒಳ್ಳೆಯ ಗೈಡ್, ಅಲ್ಲಾಡದ ಸೀಟ್, ಬಳುಕಿ ತಕ್ಷಣ ನೆಟ್ಟಗಾಗುವ ತುದಿ. ಮಧ್ಯದಿಂದ ಮೇಲಕ್ಕೆ ಏರಿದರೆ ಸಿಗುವುದು ಕೆಲವು ಗ್ರಾಂ ಕಡಿಮೆ ತೂಕ, ಇನ್ನಷ್ಟು ಸೂಕ್ಷ್ಮತೆ. ಅದೂ ಬೇಕಾದದ್ದೇ, ಆದರೆ ಇವತ್ತೇ ಬೇಕಿಲ್ಲ. ರಾಡ್ ಮತ್ತು ರೀಲ್ ಸೇರಿದ ಸೆಟ್ ಕೊಳ್ಳಲು ನಾನು ಹೇಳುವುದಿಲ್ಲ, ಅದರಲ್ಲಿ ರಾಡ್‌ಗೆ ಎಷ್ಟು ದುಡ್ಡು ಹೋಗಿದೆ ಅಂತ ತಿಳಿಯುವುದೇ ಇಲ್ಲ. ಸ್ಪಿನ್ನಿಂಗ್ ಆದರೆ ರಾಡ್‌ಗೆ ಜಾಸ್ತಿ ಹಾಕಿ, ರೀಲ್ ಸಾಧಾರಣದ್ದು ನಡೆಯುತ್ತದೆ. ಬೇಟ್‌ಕಾಸ್ಟರ್ ಆದರೆ ಎರಡಕ್ಕೂ ಸಮ ಇರಲಿ. ಅದರ ಬ್ರೇಕ್ ಕಳಪೆ ಇದ್ದರೆ ಎಸೆದಾಗಲೆಲ್ಲ ಲೈನ್ ಗಂಟಾಗುತ್ತದೆ, ರಾಡ್ ಎಷ್ಟು ಒಳ್ಳೆಯದಿದ್ದರೂ ಪ್ರಯೋಜನ ಇಲ್ಲ.

ಕೊಂಡ ಮೇಲೆ ಉಳಿಸಿಕೊಳ್ಳುವುದೂ ಬಜೆಟ್‌ನ ಭಾಗವೇ. ಎಷ್ಟೋ ರಾಡ್‌ಗಳು ಮುರಿಯುವುದು ಮೀನಿನಿಂದಲ್ಲ, ಕಾರಿನ ಬಾಗಿಲಿನಿಂದ. ಇನ್ನು ಕೆಲವು ಮೀನು ಹತ್ತಿರ ಬಂದಾಗ ರಾಡನ್ನು ತಲೆಯ ಹಿಂದಕ್ಕೆ ಎತ್ತುವುದರಿಂದ. ಲೈನ್‌ಗೂ ಹಿಡಿಗೂ ನಡುವಿನ ಕೋನ 90 ಡಿಗ್ರಿ ದಾಟದಂತೆ ನೋಡಿಕೊಳ್ಳಿ. ಇದನ್ನಂತೂ ದಯವಿಟ್ಟು ನೆನಪಿಡಿ: ಗ್ರ್ಯಾಫೈಟ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ನೀರಿನಿಂದ ದೂರ ಹೋಗಿ. ವಿದ್ಯುತ್ ತಂತಿಯ ಕೆಳಗೆ ಎಸೆಯಲೇಬೇಡಿ.

ಈ ಒಂದು ರಾಡ್ ಜೊತೆ ಒಂದಷ್ಟು ಕಾಲ ಕಳೆಯಿರಿ. ಎಲ್ಲಿ ಕೊರತೆ ಆಗುತ್ತಿದೆ ಅಂತ ನಿಮ್ಮ ಕೈಗೇ ಗೊತ್ತಾಗುತ್ತದೆ. ತುಂಬಾ ಜನರಿಗೆ ಅದು ಕ್ರ್ಯಾಂಕ್‌ಬೇಟ್‌ನಲ್ಲೇ. ಹಾಗಿದ್ದರೆ ಎರಡನೆಯ ರಾಡ್ ಫೈಬರ್‌ಗ್ಲಾಸ್ ಬೆರೆತ ಮಾಡರೇಟ್ ಆಕ್ಷನ್‌ದು ಇರಲಿ. ಅದಕ್ಕೆ ಕಡಿಮೆ ಬೆಲೆಯದೇ ಸಾಕು. ಓಡುತ್ತಿರುವ ಕ್ರ್ಯಾಂಕ್‌ಬೇಟ್‌ಗೆ ಬಾಸ್ ಬಾಯಿ ಹಾಕಿದ್ದು ಯಾವ ರಾಡ್‌ನಲ್ಲೂ ತಿಳಿಯುತ್ತದೆ, ಸೂಕ್ಷ್ಮತೆಗೆ ಅಲ್ಲಿ ದುಡ್ಡು ಕೊಡಬೇಕಾಗಿಲ್ಲ.