ಟಾರ್ಚಿಗೆ ನನ್ನ ಮನೆ ಯಾಕೆ ಗೊತ್ತಿರಬೇಕು?

ನಮಸ್ಕಾರ. ಯಾವುದೋ ಕೆಲಸ ಮಾಡುತ್ತಾ ನನ್ನ ಮಾತು ಕೇಳುತ್ತಿದ್ದೀರಿ, ಫೋನು ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇದೆ, ಅಲ್ವಾ? ಇವತ್ತು ಆ ಫೋನಿನ ಬಗ್ಗೆ ಒಂದೇ ಒಂದು ಪ್ರಶ್ನೆ ಹೇಳಿಕೊಡುತ್ತೇನೆ. ಯಾವ ಆ್ಯಪ್ ಆಗಲಿ, ಅನುಮತಿ ಕೊಡಿ ಎಂದಾಗ ನೀವು ಕೇಳಬೇಕಾದದ್ದು ಇಷ್ಟೇ: ಈ ಕೆಲಸಕ್ಕೆ ಇದು ಬೇಕಾ?

ಈ ಪ್ರಶ್ನೆ ಕಲಿಸಿದ್ದು ನಮ್ಮ ಚಿಕ್ಕಮ್ಮ. ಫೋನಿನ ಚಾರ್ಜ್ ಮಧ್ಯಾಹ್ನಕ್ಕೇ ಖಾಲಿಯಾಗುತ್ತದೆ, ಸ್ವಲ್ಪ ನೋಡು ಎಂದು ನನ್ನ ಕೈಗೆ ಕೊಟ್ಟರು. ನಾನು ಸೆಟ್ಟಿಂಗ್ಸ್ ಒಳಗೆ ಹೋಗಿ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದೆ. ಕಳೆದ 24 ಗಂಟೆಯಲ್ಲಿ ಯಾವ ಆ್ಯಪ್ ಎಷ್ಟು ಹೊತ್ತಿಗೆ ಏನನ್ನು ಬಳಸಿತು ಎಂದು ಅಲ್ಲಿ ಸಾಲಾಗಿ ಬರೆದಿರುತ್ತದೆ. ಲೊಕೇಶನ್ ಎಂಬುದನ್ನು ಒತ್ತಿದೆ. ಮ್ಯಾಪ್ ಇತ್ತು, ಸರಿ. ಅದರ ಕೆಳಗೆ ಟಾರ್ಚ್ ಆ್ಯಪ್. ರಾತ್ರಿ 11ಕ್ಕೆ ಒಮ್ಮೆ, ಬೆಳಗಿನ ಜಾವ 3ಕ್ಕೆ ಒಮ್ಮೆ, 5ಕ್ಕೆ ಇನ್ನೊಮ್ಮೆ. ಚಿಕ್ಕಮ್ಮ ಗಾಢ ನಿದ್ದೆಯಲ್ಲಿದ್ದಾಗ ಅವರ ಟಾರ್ಚ್ ಎದ್ದು ಕೂತು, ಇವರು ಎಲ್ಲಿದ್ದಾರೆ ಎಂದು ನೋಡುತ್ತಿತ್ತು.

ಫೋನಿನಲ್ಲೇ ಟಾರ್ಚ್ ಇದೆಯಲ್ಲ, ಬೇರೆ ಆ್ಯಪ್ ಯಾಕೆ ಹಾಕಿಕೊಂಡಿರಿ ಎಂದು ಕೇಳಿದೆ. "ಇದರ ಗುಂಡಿ ದೊಡ್ಡದು ಕಣೋ. ಕತ್ತಲಲ್ಲಿ ಕನ್ನಡಕ ಹುಡುಕಬೇಕಾಗಿಲ್ಲ" ಎಂದರು. ನನಗೆ ಮಾತೇ ಹೊರಡಲಿಲ್ಲ. ಎಷ್ಟು ನ್ಯಾಯವಾದ ಕಾರಣ! ಅನುಕೂಲ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ರಾತ್ರಿ ಎದ್ದು ಓಡಾಡುವ ವಯಸ್ಸಾದವರಿಗೆ ದೊಡ್ಡ ಗುಂಡಿ ಬೇಕೇ ಬೇಕು.

ಆ ಪಟ್ಟಿಯನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದರು. ಆಮೇಲೆ ತಲೆ ಎತ್ತಿ, "ಅಲ್ಲ ಕಣೋ, ಬೆಳಕು ಬಿಡೋದಕ್ಕೆ ನನ್ನ ಮನೆ ಯಾಕೆ ಗೊತ್ತಿರಬೇಕು?" ಎಂದರು. ಹತ್ತಾರು ಪುಟದ ಷರತ್ತುಗಳನ್ನು ಓದಿದರೂ ನಮಗೆ ಹೊಳೆಯದ ಪ್ರಶ್ನೆ ಇದು.

ಉತ್ತರ ಸರಳ. ಟಾರ್ಚಿಗೆ ಅದು ಬೇಡ, ಜಾಹೀರಾತಿಗೆ ಬೇಕು. ನೀವು ಎಲ್ಲಿದ್ದೀರಿ ಎಂದು ಗೊತ್ತಿದ್ದರೆ ಜಾಹೀರಾತಿನ ಜಾಗಕ್ಕೆ ಬೆಲೆ ಜಾಸ್ತಿ. ಇದು ನನ್ನ ಊಹೆಯಲ್ಲ. ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್ ಎಂಬ ಟಾರ್ಚ್ ಆ್ಯಪ್ ಕೋಟಿಗಟ್ಟಲೆ ಫೋನುಗಳಲ್ಲಿತ್ತು. ಅದು ಜನರ ಲೊಕೇಶನನ್ನೂ ಫೋನಿನ ಗುರುತಿನ ಸಂಖ್ಯೆಯನ್ನೂ ಜಾಹೀರಾತು ಕಂಪನಿಗಳಿಗೆ ಕಳಿಸುತ್ತಿತ್ತು. 2013ರಲ್ಲಿ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಆಯೋಗ ಫೆಡರಲ್ ಟ್ರೇಡ್ ಕಮಿಷನ್ ಅದರ ಮೇಲೆ ಕ್ರಮ ಕೈಗೊಂಡಿತು. ಆಯೋಗ ಹೇಳಿದ ಇನ್ನೊಂದು ಮಾತು ಕೇಳಿ. ಒಪ್ಪುತ್ತೀರಾ, ಇಲ್ಲವಾ ಎಂಬ ಗುಂಡಿಗಳು ಪರದೆ ಮೇಲೆ ಇರುವಾಗಲೇ, ಜನ ಯಾವುದನ್ನೂ ಒತ್ತುವ ಮುಂಚೆಯೇ, ಮಾಹಿತಿ ಹೊರಗೆ ಹೋಗುತ್ತಿತ್ತಂತೆ!

ಹೋದರೆ ಹೋಗಲಿ, ನನ್ನ ಹೆಸರೇನೂ ಅದರಲ್ಲಿ ಇಲ್ಲವಲ್ಲ ಎನ್ನುತ್ತೀರಾ? ಹೆಸರು ಬೇಕಾಗುವುದೇ ಇಲ್ಲ. ಫೋನು ರಾತ್ರಿಯೆಲ್ಲ ಎಲ್ಲಿ ಮಲಗಿರುತ್ತದೋ ಅದು ನಿಮ್ಮ ಮನೆ. ಹಗಲೆಲ್ಲ ಎಲ್ಲಿರುತ್ತದೋ ಅದು ನೀವು ಕೆಲಸ ಮಾಡುವ ಜಾಗ. ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಒಂದು ಗಂಟೆ ಇದ್ದರೆ ಅದೂ ಗೊತ್ತಾಯಿತು. 15 ಲಕ್ಷ ಜನರ ಮೊಬೈಲ್ ಓಡಾಟದ ದಾಖಲೆ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2013ರಲ್ಲೇ ಪ್ರಕಟವಾಯಿತು. ಒಬ್ಬರು ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬುದು ಬರೀ 4 ಸಲದ್ದು ಗೊತ್ತಾದರೆ ಸಾಕು, 100ರಲ್ಲಿ 95 ಜನರ ಜಾಡನ್ನು ಅಷ್ಟು ದೊಡ್ಡ ಗುಂಪಿನಿಂದ ಬೇರೆ ಮಾಡಿ ತೆಗೆಯಬಹುದು ಎಂದು ಅದು ತೋರಿಸಿತು.

"ನನ್ನ ಹತ್ತಿರ ಮುಚ್ಚಿಡುವಂಥದ್ದು ಏನಿದೆ?" ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ, ಕ್ಷಮಿಸಿ. ಫೋಟೋಗೆ ಬಣ್ಣ ಹಚ್ಚುವ ಆ್ಯಪ್ ಕಾಂಟ್ಯಾಕ್ಟ್ಸ್ ಕೇಳುತ್ತದೆ, ನೀವು ಅಲೋ ಒತ್ತುತ್ತೀರಿ. ಆಗ ಕೊಟ್ಟಿದ್ದು ನಿಮ್ಮ ನಂಬರ್ ಅಲ್ಲ. ಅಕ್ಕನದು, ಡಾಕ್ಟರದು, ಮಗಳ ಸ್ನೇಹಿತೆಯದು. ಅವರನ್ನು ಯಾರು ಕೇಳಿದರು? ಬಣ್ಣ ಹಚ್ಚುವ ಕೆಲಸಕ್ಕೆ ಇದು ಬೇಕಾ? ಬೇಡ ಅಂದಮೇಲೆ ಬೇಡ ಒತ್ತಿ. ಎಷ್ಟೋ ಆ್ಯಪ್‌ಗಳು ಆಮೇಲೂ ಸುಮ್ನೆ ಕೆಲಸ ಮಾಡುತ್ತವೆ.

ಇಂಟರ್ನೆಟ್ ಜೋಡಿಸಿದ ಟಿವಿ ಬಗ್ಗೆ ತುಂಬಾ ಹೇಳಬೇಕು ಅಂದುಕೊಂಡಿದ್ದೆ, ಸಮಯ ಮುಗಿಯುತ್ತಾ ಬಂತು. ಇಷ್ಟು ಮಾತ್ರ ಹೇಳುತ್ತೇನೆ. ಜನ ಏನು ನೋಡುತ್ತಾರೆ ಎಂದು 1 ಕೋಟಿ 10 ಲಕ್ಷ ಟಿವಿಗಳಿಂದ ಹೇಳದೆ ಕೇಳದೆ ದಾಖಲಿಸಿಕೊಂಡ ಪ್ರಕರಣದಲ್ಲಿ ಟಿವಿ ತಯಾರಿಸುವ ಅಮೆರಿಕದ ವಿಝಿಯೊ ಕಂಪನಿ 2017ರಲ್ಲಿ 22 ಲಕ್ಷ ಡಾಲರ್ ಕಟ್ಟಲು ಒಪ್ಪಿತು. ನಿಮ್ಮ ಟಿವಿಯ ಸೆಟ್ಟಿಂಗ್ಸ್ ಒಳಗೂ ಒಮ್ಮೆ ಹೋಗಿ ಪ್ರೈವಸಿ ಎಂಬುದನ್ನು ಹುಡುಕಿ. ಅಲ್ಲೂ ಅದೇ ಪ್ರಶ್ನೆ.

ಚಿಕ್ಕಮ್ಮನ ಫೋನಿಗೆ ಏನು ಮಾಡಿದೆ ಎಂದು ಹೇಳಿಬಿಡುತ್ತೇನೆ. ಆ ಆ್ಯಪ್ ತೆಗೆದುಹಾಕಿದೆ. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ಬರುವ ಗುಂಡಿಗಳಲ್ಲಿ ಫೋನಿನದೇ ಟಾರ್ಚನ್ನು ಮೊದಲನೆಯದಾಗಿ ಇಟ್ಟೆ. ಕಣ್ಣು ಮುಚ್ಚಿಕೊಂಡೇ ನಾಲ್ಕೈದು ಸಲ ಅಭ್ಯಾಸ ಮಾಡಿದರು, ಬೆರಳಿಗೆ ರೂಢಿಯಾಯಿತು.

ಮೊನ್ನೆ ಫೋನ್ ಮಾಡಿದ್ದರು. "ಹವಾಮಾನ ಹೇಳೋ ಆ್ಯಪ್ ಲೊಕೇಶನ್ ಕೇಳ್ತಿದೆ. ಇದಕ್ಕೆ ಬೇಕಲ್ವಾ?" ಬೇಕು ಚಿಕ್ಕಮ್ಮ, ಊರಿನ ಸುಳಿವಿಲ್ಲದೆ ಅದು ಮಳೆ ಹೇಗೆ ಹೇಳೀತು ಎಂದೆ. ಒಂದು ಕ್ಷಣ ಸುಮ್ಮನಿದ್ದರು. "ಊರು ಸಾಕು. ಮನೆ ಬಾಗಿಲು ಯಾಕೆ?" ಎಂದರು. ಹೊಸ ಫೋನುಗಳಲ್ಲಿ ನಿಖರ, ಅಂದಾಜು ಎಂದು ಎರಡು ಆಯ್ಕೆ ಇರುತ್ತವೆ. ಅಂದಾಜು ಒತ್ತಿ, ಅದರ ಕೆಳಗೆ ಆ್ಯಪ್ ಬಳಸುವಾಗ ಮಾತ್ರ ಎಂಬುದನ್ನು ಒತ್ತಿ ಎಂದೆ. ಒತ್ತಿದರು. ಸಂಜೆ ಮಳೆ ಬರುತ್ತದೆ ಎಂದು ಆ್ಯಪ್ ಹೇಳಿತು, ಒಣಗಿದ ಬಟ್ಟೆ ತೆಗೆಯಲು ಹೋಗಬೇಕು ಎಂದು ಫೋನ್ ಇಟ್ಟರು.

ನಮಸ್ಕಾರ.