ವೋಟು ಹಾಕಿ ಕಟ್ಟಿದ ಬಂದರು

ಕೇಳುಗರಿಗೆಲ್ಲ ನಮಸ್ಕಾರ.

ಊರು ಉದ್ಧಾರ ಆಗಬೇಕು ಅಂದ ತಕ್ಷಣ ನಾವು ಕೇಳುವುದು ಒಂದೇ ಮಾತು: ಸರ್ಕಾರ ಎಷ್ಟು ಕೊಡುತ್ತೆ? ಇವತ್ತು ಬೇರೆ ಥರ ಯೋಚನೆ ಮಾಡಿದ ಒಂದು ಊರಿನ ಕಥೆ ಹೇಳುತ್ತೇನೆ. ದುಡ್ಡು ನಾವೇ ಹಾಕುತ್ತೇವೆ, ನಡೆಸುವವರನ್ನೂ ನಾವೇ ಆರಿಸುತ್ತೇವೆ ಅಂದ ಊರು.

ಅಮೆರಿಕದ ಸಿಯಾಟಲ್. ನಿಮ್ಮ ಮನೆಯಿಂದಲೋ ಪಕ್ಕದ ಮನೆಯಿಂದಲೋ ಯಾರಾದರೂ ಸಾಫ್ಟ್‌ವೇರ್ ಕೆಲಸಕ್ಕೆ ಅಲ್ಲಿಗೆ ಹೋಗಿರಬಹುದು. ಅವರು ಇಳಿಯುವ ಸೀ-ಟ್ಯಾಕ್ ವಿಮಾನ ನಿಲ್ದಾಣ ಯಾರದ್ದು ಗೊತ್ತಾ? ಕೇಂದ್ರ ಸರ್ಕಾರದ್ದಲ್ಲ, ನಗರಸಭೆಯದ್ದಲ್ಲ, ಖಾಸಗಿಯವರದ್ದೂ ಅಲ್ಲ. ಪೋರ್ಟ್ ಆಫ್ ಸಿಯಾಟಲ್, ಅಂದರೆ ಅಲ್ಲಿನ ಬಂದರು ಸಂಸ್ಥೆಯದ್ದು. 1911ರ ಸೆಪ್ಟೆಂಬರ್ 5ರಂದು ಅಲ್ಲಿನ ಕಿಂಗ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಜನ ವೋಟು ಹಾಕಿ ಹುಟ್ಟಿಸಿದ ಸಂಸ್ಥೆ ಅದು. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಹೆಂಗಸರಿಗೆ ವೋಟಿನ ಹಕ್ಕು ಸಿಕ್ಕಿದ್ದು ಅದರ ಹಿಂದಿನ ವರ್ಷ. ಹಾಗಾಗಿ ಅವರಿಗೂ ಇದರಲ್ಲಿ ಪಾಲಿತ್ತು.

ಇಂಥದ್ದನ್ನು ಪೋರ್ಟ್ ಡಿಸ್ಟ್ರಿಕ್ಟ್ ಅನ್ನುತ್ತಾರೆ. ಅದಕ್ಕೆ ತನ್ನದೇ ಗಡಿ, ತನ್ನದೇ ತೆರಿಗೆ, ತನ್ನದೇ ಚುನಾಯಿತ ಕಮಿಷನರುಗಳು. ನಮ್ಮೂರ ಜಾತ್ರೆಗೆ ಮನೆಮನೆಯಿಂದ ಪಟ್ಟಿ ಎತ್ತುತ್ತೇವೆ ಅಲ್ವಾ, ಪಟ್ಟಿ ಕೊಟ್ಟವನು ಲೆಕ್ಕ ಕೇಳದೆ ಬಿಡುತ್ತಾನಾ? ಇದೂ ಹಾಗೇ.

ಅವರಿಗೆ ಇದು ಯಾಕೆ ಬೇಕಾಯಿತು? ಸಮುದ್ರದ ದಡ ಊರಿನ ಕೈಲಿ ಇರಲಿಲ್ಲ. ರೈಲು ಕಂಪನಿಗಳು ಅದನ್ನು ಹಿಡಿದುಕೊಂಡಿದ್ದವು. ದಡದ ರಸ್ತೆಗೆ ರೈಲ್‌ರೋಡ್ ಅವೆನ್ಯೂ ಅಂತಲೇ ಹೆಸರು. ಕೆಳಗೆ ಉಪ್ಪುನೀರು, ನೀರಿನ ಮೇಲೆ ಮರದ ಹಲಗೆ, ಹಲಗೆಯ ಮೇಲೆ ಸಾಲುಸಾಲು ಹಳಿಗಳು. ಹಡಗಿಗೆ ಸಾಮಾನು ತಂದ ಗಾಡಿಯವನು ಆ ಹಳಿಗಳನ್ನೆಲ್ಲ ದಾಟಬೇಕು. ಪನಾಮಾ ಕಾಲುವೆ ಬೇರೆ ಇನ್ನೇನು ತೆರೆಯುವುದರಲ್ಲಿತ್ತು. ಹಡಗು ಜಾಸ್ತಿ ಬರುತ್ತವೆ, ಲಾಭ ಮಾತ್ರ ರೈಲಿನವರಿಗೆ ಹೋಗುತ್ತದೆ ಅನ್ನುವುದು ಜನರಿಗೆ ಅರ್ಥವಾಗಿತ್ತು. ಆಗ ರಾಜ್ಯದ ಶಾಸಕರು ಕಾನೂನು ಮಾಡಿದರು: ಬಂದರು ಬೇಕಾದ ಜನ ವೋಟು ಹಾಕಿ ಮಾಡಿಕೊಳ್ಳಲಿ. ಶಾಸಕರು ಬಾಗಿಲು ತೆರೆದರು ಅಷ್ಟೇ. ಬೇಕು ಅಂದವರು ಜನ.

ಮೊದಲ ಕಮಿಷನರುಗಳು ಮೂವರು. ಹೈರಮ್ ಚಿಟೆಂಡೆನ್ ಸೈನ್ಯದ ನಿವೃತ್ತ ಎಂಜಿನಿಯರ್. ರಾಬರ್ಟ್ ಬ್ರಿಜಸ್ ಒಂದು ಕಾಲಕ್ಕೆ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಮೂರನೆಯವರು ಸಿ. ಇ. ರೆಮ್ಸ್‌ಬರ್ಗ್. ಇವರು ಕುರ್ಚಿಯಲ್ಲಿ ಸರಿಯಾಗಿ ಕೂರುವುದಕ್ಕೆ ಮೊದಲೇ ಒಂದು ತಮಾಷೆ ನಡೆಯಿತು. ಇದನ್ನು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ ಬುಷ್ ಟರ್ಮಿನಲ್ ಅಂತ ಭಾರಿ ಹಡಗುಕಟ್ಟೆ, ಅದಕ್ಕೆ ಸೇರಿದ ಗೋದಾಮುಗಳು. ಅಂಥದ್ದನ್ನೇ ಸಿಯಾಟಲ್‌ನ ಹಾರ್ಬರ್ ಐಲ್ಯಾಂಡ್‌ನಲ್ಲಿ ಕಟ್ಟೋಣ ಅಂತ ಕೆಲವು ವ್ಯಾಪಾರಿಗಳು ಎದ್ದರು. ದುಡ್ಡು ಜನರದ್ದೂ ಬೇಕು, ಗುತ್ತಿಗೆ ಮಾತ್ರ ಆ ವ್ಯಾಪಾರಿಗಳ ಕಂಪನಿಗೆ! ಊರಿಗೆ ಊರೇ ಕುಣಿಯಿತು. ಪತ್ರಿಕೆಗಳೂ ಕುಣಿದವು. ಚಿಟೆಂಡೆನ್‌ಗೆ ಇದು ಇಷ್ಟವಿರಲಿಲ್ಲ, ಬ್ರಿಜಸ್‌ಗೂ ಇಷ್ಟವಿರಲಿಲ್ಲ. ಆದರೆ 1912ರ ಮಾರ್ಚ್‌ನಲ್ಲಿ ಜನ ಆ ಯೋಜನೆಗೆ ಹೂಂ ಅಂದುಬಿಟ್ಟರು. ಆಮೇಲೆ? ಕಂಪನಿಯವರಿಗೆ ತಮ್ಮ ಪಾಲಿನ ದುಡ್ಡು ಹೊಂದಿಸುವುದಕ್ಕೆ ಆಗಲಿಲ್ಲ. 1913ರ ಹೊತ್ತಿಗೆ ಒಪ್ಪಂದ ಬಿದ್ದುಹೋಯಿತು. ಆ ಮಹಾ ಟರ್ಮಿನಲ್ ಏಳಲೇ ಇಲ್ಲ.

"ನೋಡಿ ಸಾರ್, ಜನರನ್ನು ಕೇಳಿದರೆ ಹೀಗೇ ಆಗೋದು" ಅಂತ ಈಗ ಯಾರಾದರೂ ಹೇಳುತ್ತಾರೆ. ಎಲ್ಲ ಕಡೆ ಹೇಳುತ್ತಾರೆ, ನನಗೆ ಕೇಳಿ ಕೇಳಿ ಸಾಕಾಗಿದೆ. ಸ್ವಾಮಿ, ಜನರನ್ನು ಕೇಳದೆ ಮಾಡಿದ ಯೋಜನೆಗಳು ಬಿದ್ದಿಲ್ಲವಾ? ಇಲ್ಲಿ ಎಡವಿದವರೂ ಜನರೇ, ಎದ್ದವರೂ ಜನರೇ. ಕಮಿಷನರು ಸರಿಯಿಲ್ಲ ಅಂದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸಬಹುದು.

ಅದೇ ಪೋರ್ಟ್ ಸಂಸ್ಥೆ 1914ರಲ್ಲಿ ಮೀನುಗಾರರಿಗೆ ಫಿಶರ್‌ಮೆನ್ಸ್ ಟರ್ಮಿನಲ್ ಮಾಡಿಕೊಟ್ಟಿತು. ಅಲಾಸ್ಕಾ ಕಡೆ ಮೀನು ಹಿಡಿಯುವ ದೋಣಿಗಳು ಇವತ್ತಿಗೂ ಅಲ್ಲೇ ಕಟ್ಟಿಕೊಂಡಿರುತ್ತವೆ. ಹಣ್ಣು, ಮೀನು ಇಡುವುದಕ್ಕೆ ಕೋಲ್ಡ್ ಸ್ಟೋರೇಜ್ ಬಂತು, ಧಾನ್ಯಕ್ಕೆ ದೊಡ್ಡ ಕಣಜ ಬಂತು. ಯಾವ ಬೆಳೆಗಾರ ಬೇಕಾದರೂ ಬಾಡಿಗೆ ಕೊಟ್ಟು ಸರಕು ಇಡಬಹುದಿತ್ತು. ವಿಮಾನ ನಿಲ್ದಾಣ ಬಂದಿದ್ದು 1940ರ ದಶಕದಲ್ಲಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಆ ರಾಜ್ಯದಲ್ಲಿ ಈಗ ಇಂಥ 75 ಪೋರ್ಟ್ ಡಿಸ್ಟ್ರಿಕ್ಟ್‌ಗಳಿವೆ. ಸಮುದ್ರವೇ ಇಲ್ಲದ ಕಡೆಯೂ ಇವೆ! ಮೋಸೆಸ್ ಲೇಕ್ ಅಂತ ಒಳನಾಡಿನ ಊರು. ವಾಯುಪಡೆ ನೆಲೆ ಮುಚ್ಚುತ್ತಾರೆ ಅಂತ ಗೊತ್ತಾದಾಗ 1965ರಲ್ಲಿ ಜನ ಪೋರ್ಟ್ ಮಾಡಿಕೊಂಡರು, ರನ್‌ವೇ ಉಳಿಸಿಕೊಂಡರು. ಜಪಾನ್ ಏರ್‌ಲೈನ್ಸ್‌ನವರು ದಶಕಗಟ್ಟಲೆ ಅಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಟ್ಟರು.

ತೆರಿಗೆ ಬೇಕಾಬಿಟ್ಟಿ ಹಾಕುವ ಹಾಗಿಲ್ಲ. ಸಾವಿರ ಡಾಲರ್ ಬೆಲೆಯ ಆಸ್ತಿಗೆ ಸಾಮಾನ್ಯ ತೆರಿಗೆ 45 ಸೆಂಟ್ ಮೀರಬಾರದು ಅಂತ ಕಾನೂನೇ ಇದೆ.

ನಮ್ಮಲ್ಲಿ ಕೈಗಾರಿಕೆಗೆ ಜಮೀನು ಹೊಂದಿಸಿಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿ ಇದೆ, 1966ರ ಕಾನೂನಿನಿಂದ ಬಂದದ್ದು. ಕೈಗಾರಿಕಾ ಪ್ರದೇಶ ಎಲ್ಲಿ ಅಂತ ಸರ್ಕಾರ ಅಧಿಸೂಚನೆ ಹೊರಡಿಸುತ್ತದೆ. ರೈತನಿಗೆ ನೋಟಿಸ್ ಬರುತ್ತದೆ, ಆಕ್ಷೇಪಣೆ ಇದ್ದರೆ ಸಲ್ಲಿಸಿ ಅಂತ. ವೋಟಿನ ಚೀಟಿ ಬರುವುದಿಲ್ಲ. ನನ್ನ ತಕರಾರು ಇಷ್ಟೇ: ಆಕ್ಷೇಪಣೆ ಆಮೇಲೆ ಕೇಳುವ ಬದಲು ಒಪ್ಪಿಗೆ ಮೊದಲು ಕೇಳಿ.

ಸಿಯಾಟಲ್ ಪೋರ್ಟಿಗೆ ಈಗ ಐವರು ಕಮಿಷನರುಗಳು, ನಾಲ್ಕು ವರ್ಷದ ಅವಧಿ. ಅವರ ಸಭೆಯಲ್ಲಿ ಸಾರ್ವಜನಿಕರು ಎದ್ದು ನಿಂತು ಮಾತಾಡಬಹುದು. ನಿಮ್ಮ ಮಕ್ಕಳು ಅಲ್ಲಿದ್ದರೆ ಒಂದು ಸಲ ಹೋಗಿ ಕೂತು ನೋಡಿ ಬರಲಿ, ಅಲ್ಲಿ ಏನು ನಡೆಯಿತು ಅಂತ ನಿಮಗೆ ಫೋನಿನಲ್ಲಿ ಹೇಳಲಿ. ನಮಸ್ಕಾರ.