ಐದು ನಿಮಿಷ ಓಡುವ ಮೋಟಾರು

ಕೇಳುಗ ಮಿತ್ರರೇ, ನಮಸ್ಕಾರ.

ಮನೆಯ ಮಿಕ್ಸಿ ಇದ್ದಕ್ಕಿದ್ದಂತೆ ನಿಂತುಹೋದಾಗ, ರಿಪೇರಿ ಮಾಡುವವರು "ಕಾರ್ಬನ್ ಹೋಗಿದೆ" ಎಂದು ಹೇಳಿ, ಮೋಟಾರಿನ ಎರಡು ಬದಿಗಳಿಂದ ಸವೆದ ಕಪ್ಪು ತುಂಡುಗಳನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸುವುದನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ತಿರುಗುವ ಭಾಗಕ್ಕೆ ವಿದ್ಯುತ್ತನ್ನು ದಾಟಿಸುವ ಅದೇ ಕಾರ್ಬನ್, ಇನ್ನೂ ಚಿಕ್ಕ ರೂಪದಲ್ಲಿ, ರೇಡಿಯೋ ನಿಯಂತ್ರಣದ ಪಂದ್ಯದ ಕಾರುಗಳನ್ನು ಹಲವು ದಶಕಗಳ ಕಾಲ ಓಡಿಸಿತು. ಈ ಪುಟ್ಟ ಮೋಟಾರುಗಳನ್ನು ಪಂದ್ಯಕ್ಕೆ ಹದಗೊಳಿಸುವ ಕೆಲಸ ಎಂಥದ್ದು ಎಂಬುದನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಜಪಾನಿನ ಟಮಿಯಾ ಕಂಪನಿ 1976ರಲ್ಲಿ ಪೋರ್ಷೆ 934 ಮಾದರಿಯ ಕಾರನ್ನು ಮಾರುಕಟ್ಟೆಗೆ ತಂದಾಗ ಅದರೊಳಗೆ ಇದ್ದದ್ದು ಮಬುಚಿ ಕಂಪನಿಯ 540 ಎಂಬ ಮೋಟಾರು. ಸುಮಾರು 36 ಮಿಲಿಮೀಟರ್ ವ್ಯಾಸದ ಆ ಗಾತ್ರವೇ ಹತ್ತನೇ ಒಂದು ಅಳತೆಯ ಕಾರುಗಳಿಗೆ ಇಂದಿಗೂ ರೂಢಿಯಲ್ಲಿದೆ. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಈ ಅಳತೆಯ ಆಫ್‌ರೋಡ್ ಕಾರುಗಳ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಹೊತ್ತಿಗೆ, ಆಟಿಕೆಯಾಗಿ ಬಂದ ವಸ್ತು ನುರಿತ ಕೈಗಳ ಪೈಪೋಟಿಯ ವಸ್ತುವಾಗಿತ್ತು.

ಅಂದಿನ ಸ್ಟಾಕ್ ವರ್ಗದಲ್ಲಿ ಎಲ್ಲರ ಮೋಟಾರಿಗೂ 27 ಸುತ್ತಿನ ವೈಂಡಿಂಗ್, ಸುರುಳಿಗೆ ವಿದ್ಯುತ್ತು ಎಷ್ಟು ಮೊದಲೇ ಹರಿಯಬೇಕೆಂಬ ಅಳತೆ, ಅಂದರೆ ಟೈಮಿಂಗ್, ಎಲ್ಲರಿಗೂ ಬದಲಿಸಲಾಗದ 24 ಡಿಗ್ರಿ ಎಂಬ ನಿಯಮ ಬಹುಕಾಲ ಇತ್ತು. ಹಾಗಿದ್ದರೆ ಸ್ಪರ್ಧಿಯ ಕೈಯಲ್ಲಿ ಉಳಿದದ್ದೇನು? ಕಾರ್ಬನ್ ಬ್ರಶ್, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಮತ್ತು ಆ ಬ್ರಶ್ ಉಜ್ಜುವ ತಾಮ್ರದ ಕಮ್ಯುಟೇಟರ್. ಕೆಲವು ಓಟಗಳ ನಂತರ ಕಮ್ಯುಟೇಟರ್ ಕಿಡಿಗಳಿಂದ ಕಪ್ಪಾಗುತ್ತದೆ, ಗುಂಡಗಿನ ಆಕಾರವನ್ನೂ ಕಳೆದುಕೊಳ್ಳುತ್ತದೆ. ಆಗ ಬ್ರಶ್ ಅದರ ಮೇಲೆ ಕೂರದೆ ಕುಪ್ಪಳಿಸುತ್ತದೆ; ಕುಪ್ಪಳಿಸಿದಷ್ಟೂ ಕಿಡಿ, ಕಿಡಿ ಹಾರಿದಷ್ಟೂ ನಷ್ಟ. ಇದಕ್ಕೆ ಮದ್ದೆಂದರೆ ಅಂಗೈಯಷ್ಟೇ ಅಗಲದ ಒಂದು ಲೇತ್. ಮೋಟಾರಿನ ತಿರುಗುವ ಭಾಗವಾದ ಆರ್ಮೇಚರನ್ನು ಅದರ ಮೇಲೆ ಕೂರಿಸಿ, ರಬ್ಬರ್ ಬೆಲ್ಟಿನಿಂದ ತಿರುಗಿಸುತ್ತ, ವಜ್ರದ ಮೊನೆಯ ಉಳಿಯನ್ನು ನಿಧಾನವಾಗಿ ಸರಿಸಿದರೆ ಕೂದಲಿಗಿಂತ ತೆಳ್ಳಗಿನ ತಾಮ್ರದ ಎಳೆ ಸುರುಳಿ ಸುತ್ತಿಕೊಂಡು ಹೊರಬರುತ್ತದೆ, ಅದರ ಹಿಂದೆಯೇ ಹೊಸ ತಾಮ್ರ ಗುಲಾಬಿ ಬಣ್ಣದಲ್ಲಿ ಹೊಳೆಯುತ್ತದೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಮೂರು ತಾಮ್ರದ ಪಟ್ಟಿಗಳ ನಡುವಿನ ಸಂದಿಯಲ್ಲಿ ಸಿಕ್ಕಿದ ಪುಡಿಯನ್ನು ತೆಗೆಯದಿದ್ದರೆ ಪಟ್ಟಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಬಹುದು. ಹೊಸ ಬ್ರಶ್ಶನ್ನು ಕಡಿಮೆ ವೋಲ್ಟೇಜಿನಲ್ಲಿ ಕೆಲವು ನಿಮಿಷ ಓಡಿಸಿ, ಅದರ ಮುಖ ಕಮ್ಯುಟೇಟರಿನ ಬಾಗಿಗೆ ಹೊಂದಿಕೊಂಡ ಮೇಲೆಯೇ ಮೋಟಾರು ಕಾರಿಗೆ ಏರುತ್ತಿತ್ತು.

2000ರ ದಶಕದಲ್ಲಿ ಬ್ರಶ್ಶಿಲ್ಲದ ಮೋಟಾರುಗಳು ಪಂದ್ಯಗಳಿಗೆ ಬಂದವು. ಇವುಗಳಲ್ಲಿ ತಿರುಗುವುದು ನಿಯೋಡಿಮಿಯಂ ಅಯಸ್ಕಾಂತದ ರೋಟರ್. ತಾಮ್ರದ ತಂತಿ ಹೊರಗಿನ ಕವಚಕ್ಕೆ ಅಂಟಿಕೊಂಡು ಅಲುಗಾಡದೆ ಇರುತ್ತದೆ. ರೋಟರ್ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ಅಯಸ್ಕಾಂತವನ್ನು ಗುರುತಿಸುವ ಮೂರು ಹಾಲ್ ಸೆನ್ಸರುಗಳು ಸ್ಪೀಡ್ ಕಂಟ್ರೋಲರಿಗೆ ತಿಳಿಸುತ್ತವೆ, ಅದು ಸರಿಯಾದ ಸುರುಳಿಗೆ ವಿದ್ಯುತ್ ಹರಿಸುತ್ತದೆ. ಲೇತ್ ಮೂಲೆ ಸೇರಿತು. ಆದರೆ ಟೈಮಿಂಗ್ ಉಳಿಯಿತು, ಮತ್ತು ಈ ವಿದ್ಯೆಯ ತಿರುಳು ಇರುವುದೇ ಅದರಲ್ಲಿ.

ಸುರುಳಿಗೆ ವೋಲ್ಟೇಜ್ ಕೊಟ್ಟ ಕ್ಷಣಕ್ಕೇ ಕರೆಂಟ್ ಪೂರ್ತಿ ಹರಿಯುವುದಿಲ್ಲ; ಅದು ಏರಲು ಅತ್ಯಲ್ಪವಾದರೂ ಒಂದಷ್ಟು ಸಮಯ ಬೇಕು. ರೋಟರ್ ನಿಧಾನವಾಗಿ ತಿರುಗುವಾಗ ಆ ವಿಳಂಬ ಲೆಕ್ಕಕ್ಕೆ ಬರುವುದಿಲ್ಲ. ನಿಮಿಷಕ್ಕೆ ಇಪ್ಪತ್ತು ಸಾವಿರ ಸಲ ತಿರುಗುವಾಗ ಮಾತ್ರ, ಕರೆಂಟ್ ಏರುವಷ್ಟರಲ್ಲಿ ಅಯಸ್ಕಾಂತ ಮುಂದೆ ಸರಿದುಹೋಗಿರುತ್ತದೆ. ಆದ್ದರಿಂದ ಸೆನ್ಸರುಗಳಿರುವ ಹಿಂಬದಿಯ ಮುಚ್ಚಳವನ್ನು ಕೆಲವು ಡಿಗ್ರಿ ತಿರುಗಿಸಿ, ವಿದ್ಯುತ್ತು ತುಸು ಮೊದಲೇ ಹರಿಯುವಂತೆ ಮಾಡುತ್ತಾರೆ. ಇದರಿಂದ ತುದಿಯ ವೇಗ ಹೆಚ್ಚುತ್ತದೆ, ಆದರೆ ತಿರುವಿನಿಂದ ಹೊರಬರುವಾಗಿನ ಎಳೆತ ತಗ್ಗುತ್ತದೆ, ಕರೆಂಟ್ ಏರುತ್ತದೆ, ಮೋಟಾರು ಕಾಯುತ್ತದೆ. ಕಂಟ್ರೋಲರ್ ಕೂಡ ತಾನಾಗಿ ಟೈಮಿಂಗನ್ನು ಮುಂದಕ್ಕೆ ತಳ್ಳಬಲ್ಲದು. 17.5 ಸುತ್ತಿನ ಸ್ಟಾಕ್ ವರ್ಗದ ಹೆಚ್ಚಿನ ಪಂದ್ಯಗಳಲ್ಲಿ ಅದಕ್ಕೆ ಅನುಮತಿಯಿಲ್ಲ; ಕಂಟ್ರೋಲರಿನ ಟೈಮಿಂಗ್ ಸೊನ್ನೆಯಲ್ಲಿದೆ ಎಂಬುದಕ್ಕೆ ಅದರ ದೀಪ ಮಿನುಗುತ್ತಿರಬೇಕು. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ, ಏಕೆಂದರೆ ಅದು ಆಟವನ್ನು ದುಬಾರಿ ಉಪಕರಣದಿಂದ ಬಿಡಿಸಿ ಮತ್ತೆ ಸ್ಪರ್ಧಿಯ ವಿವೇಚನೆಗೆ ಒಪ್ಪಿಸಿತು.

ಇನ್ನು ಗೇರ್. ಮೋಟಾರಿನ ಶಾಫ್ಟಿನ ಮೇಲಿರುವ ಚಿಕ್ಕ ಪಿನಿಯನ್‌ಗೆ 36 ಹಲ್ಲು, ಅದು ತಿರುಗಿಸುವ ಸ್ಪರ್ ಗೇರಿಗೆ 72 ಹಲ್ಲು, ಕಾರಿನೊಳಗಿನ ಬೆಲ್ಟಿನ ಅನುಪಾತ 1.9 ಎಂದುಕೊಳ್ಳಿ. ಚಕ್ರ ಒಂದು ಸಲ ತಿರುಗಲು ಮೋಟಾರು 3.8 ಸಲ ತಿರುಗಬೇಕು. ಪಿನಿಯನ್‌ಗೆ ಒಂದೇ ಒಂದು ಹಲ್ಲು ಹೆಚ್ಚಿಸಿದರೆ ಇದು 3.7ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಅಲ್ಪವೆನಿಸುವ ಈ ವ್ಯತ್ಯಾಸವನ್ನು ಮೋಟಾರು ಓಟದ ಐದು ನಿಮಿಷವೂ ಹೊರಬೇಕು.

ಇದನ್ನು ನಾನು ಒಂದು ರೋಟರನ್ನು ಕಳೆದುಕೊಂಡು ಕಲಿತೆ. ಉದ್ದನೆಯ ನೇರ ಹಾದಿಯಿದ್ದ ಟ್ರ್ಯಾಕೊಂದರಲ್ಲಿ, ಟೈಮಿಂಗನ್ನೂ ಪಿನಿಯನ್ನನ್ನೂ ಒಟ್ಟಿಗೇ ಏರಿಸಿದೆ. ಮೂರು ನಿಮಿಷ ನನ್ನ ಕಾರಿಗೆ ಸಾಟಿಯೇ ಇರಲಿಲ್ಲ. ನಾಲ್ಕನೆಯ ನಿಮಿಷದಲ್ಲಿ ಪ್ರತಿ ತಿರುವಿನಿಂದಲೂ ತಡವಾಗಿ ಹೊರಬರತೊಡಗಿತು. ಓಟ ಮುಗಿದು ಕಾರನ್ನು ಎತ್ತಿಕೊಂಡಾಗ ಸುಟ್ಟ ಪಂಪ್‌ಸೆಟ್ಟಿನಲ್ಲಿ ಬರುವಂಥ ವಾರ್ನಿಷಿನ ವಾಸನೆ ಮೂಗಿಗೆ ಬಡಿಯಿತು, ಮೋಟಾರಿನ ಮೇಲೆ ಬೆರಳಿಡಲಾಗಲಿಲ್ಲ. ಮರುದಿನ ಭಾರವಿಲ್ಲದೆ ಓಡಿಸಿ ಅಳೆದರೆ, ಅದು ಹಿಂದಿಗಿಂತ ವೇಗವಾಗಿ ತಿರುಗುತ್ತಿತ್ತು! ಕೆಟ್ಟಿಲ್ಲವೆಂದು ಸಮಾಧಾನಪಟ್ಟು ಮುಂದಿನ ಪಂದ್ಯಕ್ಕೂ ಅದನ್ನೇ ಒಯ್ದೆ, ಅಲ್ಲಿ ಇನ್ನಷ್ಟು ಹಿಂದೆ ಬಿದ್ದೆ. ನಿಜ ಸಂಗತಿ ಏನೆಂದರೆ, ಶಾಖಕ್ಕೆ ಅಯಸ್ಕಾಂತದ ಬಲ ಕುಂದಿತ್ತು. ತಿರುಗುವ ಅಯಸ್ಕಾಂತ ಸುರುಳಿಯಲ್ಲಿ ಹುಟ್ಟಿಸುವ ಎದುರು ವೋಲ್ಟೇಜೇ ಮೋಟಾರಿನ ವೇಗಕ್ಕೆ ಕಡಿವಾಣ. ಅಯಸ್ಕಾಂತ ಸೋತಾಗ ಕಡಿವಾಣ ಸಡಿಲವಾಗಿ ಬರಿದೇ ತಿರುಗುವ ವೇಗ ಹೆಚ್ಚುತ್ತದೆ, ಭಾರ ಎಳೆಯುವ ಶಕ್ತಿ ಇಳಿಯುತ್ತದೆ.

ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಅಯಸ್ಕಾಂತ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳತೊಡಗುತ್ತದೆ. ಮೋಟಾರಿಗೆಂದೇ ತಯಾರಾದ ದರ್ಜೆಗಳು ಇನ್ನಷ್ಟು ತಾಳುತ್ತವೆಯಾದರೂ, ನಾವು ಹೊರಗಿನಿಂದ ಅಳೆಯುವುದು ಕವಚದ ಶಾಖವನ್ನೇ ಹೊರತು ಒಳಗಿನ ರೋಟರಿನದನ್ನಲ್ಲ. ತಾಮ್ರದ ತೊಂದರೆ ಬೇರೆ: ಪ್ರತಿ ಡಿಗ್ರಿಗೆ ಅದರ ರೋಧ ಶೇಕಡ 0.4ರಷ್ಟು ಏರುವುದರಿಂದ, 25ರಿಂದ 75 ಡಿಗ್ರಿಗೆ ಕಾದ ವೈಂಡಿಂಗಿನಲ್ಲಿ ರೋಧ ಐದನೇ ಒಂದು ಪಾಲು ಹೆಚ್ಚಿರುತ್ತದೆ, ಆ ಹೆಚ್ಚಿದ ರೋಧ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತದೆ.

ಆದ್ದರಿಂದ ಈಗ ನಾನು ಎರಡನ್ನು ಒಟ್ಟಿಗೆ ಮುಟ್ಟುವುದಿಲ್ಲ. ಟೈಮಿಂಗನ್ನು ಒಂದು ಗುರುತಿನಲ್ಲಿ ಬಿಗಿಮಾಡಿ, ಚಿಕ್ಕ ಪಿನಿಯನ್ನಿನಿಂದ ಆರಂಭಿಸಿ, ಎರಡು ನಿಮಿಷ ಓಡಿಸಿ, ಕಾರು ನಿಂತ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಕವಚದ ಒಂದೇ ಜಾಗಕ್ಕೆ ಹಿಡಿದು ಅಂಕಿ ಬರೆದುಕೊಳ್ಳುತ್ತೇನೆ, ಜೊತೆಗೆ ಆ ದಿನದ ಹವೆಯ ಉಷ್ಣತೆಯನ್ನೂ ಬರೆಯುತ್ತೇನೆ. ಶಾಖ ಮಿತಿಯಲ್ಲಿದ್ದರೆ ಮಾತ್ರ ಇನ್ನೊಂದು ಹಲ್ಲು. ಹೊಸ ರೋಟರ್ ಹಾಕಿಸಿಕೊಂಡು ಅದೇ ಟ್ರ್ಯಾಕಿಗೆ ಮರಳಿದಾಗ ಹಿಂದಿನದಕ್ಕಿಂತ ಎರಡು ಹಲ್ಲು ಕಡಿಮೆಯ ಪಿನಿಯನ್ ಸಾಕಾಯಿತು. ನೇರ ಹಾದಿಯಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು, ಆದರೆ ಐದನೆಯ ನಿಮಿಷದ ನನ್ನ ಲ್ಯಾಪುಗಳು ಮೊದಲ ನಿಮಿಷದಷ್ಟೇ ಚುರುಕಾಗಿದ್ದವು, ಕೊನೆಯ ಎರಡು ಲ್ಯಾಪುಗಳಲ್ಲಿ ಅವರಿಬ್ಬರೂ ನನ್ನ ಹಿಂದಿದ್ದರು.